ಅಪ್ಪನ ಪಿಕಪ್ ಮತ್ತೆ ರಸ್ತೆಗೆ

ಮನೆ ಹಿಂದೆ ಅಪ್ಪನ ಹಳೇ ಟಾಟಾ 207 ವರ್ಷಗಳಿಂದ ನಿಂತಿದೆಯಾ? ಗುಜರಿಗೆ ಹಾಕ್ಬೇಡಿ. ಕಂಪ್ಯೂಟರ್ ಇಲ್ಲದ ಆ ಕಾಲದ ಎಂಜಿನ್ನು ಊರಿನ ಮೆಕ್ಯಾನಿಕ್ಕೇ ಬಿಚ್ಚಿ ಜೋಡಿಸಬಲ್ಲ.

ಆದ್ರೆ ಮೊದಲು ಗಾಡಿ ಕೆಳಗೆ ಮಲಗಿ ಚಾಸಿ ನೋಡಿ. ಹಿಂದಿನ ಲೀಫ್ ಸ್ಪ್ರಿಂಗ್ ಕೂರೋ ಜಾಗದಲ್ಲಿ ಮೆತ್ತಿರೋ ಕೆಸರು ತೇವ ಹಿಡಿದಿಟ್ಟು ಕಬ್ಬಿಣ ತಿನ್ನುತ್ತೆ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಹಕ್ಕಳೆ ಎದ್ದು ಉದುರಿ, ತುದಿ ಒಳಗೇ ಇಳಿದ್ರೆ ಎಂಜಿನ್‌ಗೆ ಒಂದು ರೂಪಾಯಿ ಹಾಕೋ ಮುಂಚೆ ಒಳ್ಳೇ ವೆಲ್ಡರ್‌ಗೆ ತೋರಿಸಿ. ಚಾಸಿ ಹೋಗಿದ್ರೆ ಉಳಿದ ಖರ್ಚೆಲ್ಲ ದಂಡ.

ಇನ್ನು ಎಂಜಿನ್. ಹಳೇ ಡೀಸೆಲ್ ಬಸಿದು ಟ್ಯಾಂಕ್ ತೊಳೀರಿ. ಆಯಿಲ್, ಫಿಲ್ಟರ್ ಹೊಸದು. ಬ್ಯಾಟರಿ ಜೋಡಿಸೋ ಮೊದಲು, ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಮುಂದಿನ ಪುಲ್ಲಿ ಬೋಲ್ಟ್‌ಗೆ ಸ್ಪ್ಯಾನರ್ ಕೊಟ್ಟು ಕೈಯಲ್ಲೇ ತಿರುಗಿಸಿ. ಪಿಸ್ಟನ್ ಜಾಮ್ ಆಗಿದ್ರೆ ಇಲ್ಲೇ ಗೊತ್ತಾಗುತ್ತೆ. ಆಮೇಲೆ ಡೀಸೆಲ್ ಲೈನ್‌ನ ಗಾಳಿ ತೆಗೆದು ಸ್ಟಾರ್ಟ್ ಮಾಡಿ.

ಬ್ರೇಕ್ ಹೋಸ್, ವೀಲ್ ಸಿಲಿಂಡರ್ ರಬ್ಬರ್, ಬ್ರೇಕ್ ಆಯಿಲ್ ಮೂರೂ ಬದಲಾಗಲೇಬೇಕು. ಲೋಡ್ ಹೊತ್ತು ಘಾಟಿ ಇಳಿಯೋ ಗಾಡಿ, ಇಲ್ಲಿ ಉಳಿತಾಯ ಬೇಡವೇ ಬೇಡ.

ಟೈರ್ ಪಕ್ಕದ ನಾಲ್ಕು ಅಂಕಿ ಓದಿ. 2314 ಅಂದ್ರೆ 2014ರ 23ನೇ ವಾರ ತಯಾರಾದದ್ದು. ಬಟನ್ ಎಷ್ಟೇ ಉಳಿದಿರಲಿ, ಅದನ್ನ ತೆಗೆದುಬಿಡಿ.

ಕಾಗದಪತ್ರ? ಸರಕು ಗಾಡಿ 8 ವರ್ಷ ದಾಟಿದ್ರೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಆರ್‌ಸಿ ಯಾರ ಹೆಸರಲ್ಲಿದೆ, ತೆರಿಗೆ ಎಷ್ಟು ಬಾಕಿ, ಇದನ್ನ ಆರ್‌ಟಿಒದಲ್ಲಿ ವಿಚಾರಿಸಿಕೊಂಡೇ ಸ್ಪ್ಯಾನರ್ ಕೈಗೆ ತಗೊಳ್ಳಿ.