ಕರೆಂಟು ಕೊಡುವವರಿಗೂ ದಂಡವುಂಟೇ?

ಕಳೆದ ಮಳೆಗಾಲದಲ್ಲಿ ತರಗತಿಯಲ್ಲಿ ಪಾಠ ನಡೆಯುತ್ತಿದ್ದಾಗ ಕರೆಂಟು ಹೋಯಿತು. ಒಬ್ಬ ಹುಡುಗ ಎದ್ದುನಿಂತು ಕೇಳಿದ: “ಸರ್, ಬಿಲ್ಲು ಕಟ್ಟಲು ತಡವಾದರೆ ನಮಗೆ ದಂಡ ಹಾಕುತ್ತಾರೆ. ಕರೆಂಟು ಕೊಡಲು ತಡವಾದರೆ ಅವರಿಗೆ ದಂಡ ಉಂಟೋ?” ಉಳಿದವರು ನಕ್ಕರು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಅದಕ್ಕೆ ಉತ್ತರವಾಗಿ ಈ ಲೇಖನ.

ಒಂದು ಅಂಗಡಿಯ ಅಕ್ಕಿ ಚೆನ್ನಾಗಿಲ್ಲವಾದರೆ ನಾವು ಇನ್ನೊಂದು ಅಂಗಡಿಗೆ ಹೋಗಬಹುದು. ವಿದ್ಯುತ್ತಿನ ವಿಷಯ ಹಾಗಲ್ಲ. ನಮ್ಮ ಅಂಗಳದ ಮುಂದಿರುವುದು ಒಂದೇ ಕಂಬ, ಒಂದೇ ತಂತಿ. ಬೇರೆ ದಾರಿಯಿಲ್ಲದ ಜನರು ಮೋಸ ಹೋಗಬಾರದೆಂದೇ ಕಾನೂನು ನಡುವೆ ಬಂದಿದೆ. 1998ರ ಕೇಂದ್ರ ಕಾಯ್ದೆಯೊಂದು ವಿದ್ಯುತ್ ನಿಯಂತ್ರಣ ಆಯೋಗಗಳಿಗೆ ದಾರಿ ಮಾಡಿತು. 2003ರ ವಿದ್ಯುಚ್ಛಕ್ತಿ ಕಾಯ್ದೆ ಅವುಗಳಿಗೆ ಹೆಚ್ಚಿನ ಅಧಿಕಾರ ಕೊಟ್ಟಿತು. ದರ ಗೊತ್ತುಪಡಿಸುವುದೂ, ಸೇವೆಯ ಮಟ್ಟ ಹೇಗಿರಬೇಕೆಂದು ವಿಧಿಸುವುದೂ ಈ ಆಯೋಗದ ಕೆಲಸ.

ಆ ಕಾಯ್ದೆಯ ಕೆಲವು ಮಾತುಗಳನ್ನು ನೋಡೋಣ. 43ನೆಯ ಕಲಮಿನಂತೆ, ಮನೆಯವರು ಅರ್ಜಿ ಕೊಟ್ಟರೆ ಗೊತ್ತಾದ ಅವಧಿಯೊಳಗೆ ಸಂಪರ್ಕ ಕೊಡುವುದು ಸರಬರಾಜುದಾರರ ಕರ್ತವ್ಯ. 2024ರಲ್ಲಿ ತಿದ್ದುಪಡಿಯಾದ ಕೇಂದ್ರದ ಬಳಕೆದಾರರ ಹಕ್ಕುಗಳ ನಿಯಮಗಳು ಈ ಅವಧಿಯನ್ನು ಮಹಾನಗರಗಳಲ್ಲಿ 3 ದಿನ, ಇತರ ಪಟ್ಟಣಗಳಲ್ಲಿ 7 ದಿನ, ಹಳ್ಳಿಗಳಲ್ಲಿ 15 ದಿನ, ಗುಡ್ಡಗಾಡಿನ ಹಳ್ಳಿಗಳಲ್ಲಿ 30 ದಿನ ಎಂದು ಮಿತಿಗೊಳಿಸಿವೆ. ಹೊಸ ಕಂಬ ನೆಟ್ಟು ತಂತಿ ಎಳೆಯಬೇಕಾದಲ್ಲಿ ಮಾತ್ರ ಹೆಚ್ಚು ಕಾಲ ಸಲ್ಲುತ್ತದೆ. ಕರ್ತವ್ಯ ತಪ್ಪಿದರೆ ದಿನವೊಂದಕ್ಕೆ 1,000 ರೂಪಾಯಿವರೆಗೆ ದಂಡ ಬೀಳಬಹುದು. ಬಿಲ್ಲು ಬಾಕಿಯಾದರೂ, 15 ದಿನಗಳ ಲಿಖಿತ ನೋಟೀಸು ಕೊಡದೆ ಫ್ಯೂಸು ತೆಗೆಯುವಂತಿಲ್ಲ. ಇದು 56ನೆಯ ಕಲಮು. ಇಂಥ ಕಟ್ಟಳೆಗಳನ್ನಾಗಲಿ ಆಯೋಗದ ಆದೇಶವನ್ನಾಗಲಿ ಮೀರಿದರೆ, 142ನೆಯ ಕಲಮಿನಂತೆ ಒಂದೊಂದು ತಪ್ಪಿಗೆ 1 ಲಕ್ಷ ರೂಪಾಯಿವರೆಗೆ ದಂಡ. ತಪ್ಪು ಮುಂದುವರಿದರೆ ದಿನಕ್ಕೆ 6,000 ರೂಪಾಯಿವರೆಗೆ ಹೆಚ್ಚುವರಿ.

ಆದರೆ ಕಾನೂನು ಒಂದೇ ಕಣ್ಣಿನಿಂದ ನೋಡುವುದಿಲ್ಲ. ದಂಡ ಹಾಕುವ ಮೊದಲು ಸರಬರಾಜುದಾರರ ಮಾತನ್ನೂ ಆಯೋಗ ಕೇಳಬೇಕು. ಚಂಡಮಾರುತ, ನೆರೆ, ಬಿರುಗಾಳಿಗಳಿಂದಾದ ಅಡಚಣೆಗೆ ವಿನಾಯಿತಿಯಿದೆ. ಆಟಿಯ ಮಳೆಯಲ್ಲಿ ತಂತಿಯ ಮೇಲೆ ತೆಂಗಿನ ಮರ ಬಿದ್ದಾಗ, ನೆನೆದುಕೊಂಡೇ ಕಂಬ ಹತ್ತುವ ಲೈನ್‌ಮ್ಯಾನ್ ನಮ್ಮ ವೈರಿಯಲ್ಲ.

ದಂಡ ಬೇರೆ, ಪರಿಹಾರ ಬೇರೆ. ದಂಡ ತಪ್ಪಿಗೆ ಶಿಕ್ಷೆ; ಆ ಹಣ ನಮ್ಮ ಕೈಗೆ ಬರುವುದಿಲ್ಲ. ಪರಿಹಾರವಾದರೋ ತೊಂದರೆಗೊಳಗಾದವನಿಗೇ ಸಲ್ಲತಕ್ಕದ್ದು. ಆಯೋಗ ಗೊತ್ತುಪಡಿಸಿದ ಸೇವೆಯ ಮಟ್ಟ ತಪ್ಪಿದಾಗ ಪರಿಹಾರ ಕೊಡಬೇಕೆಂದು 57ನೆಯ ಕಲಮು ಹೇಳುತ್ತದೆ.

ಹಾಗಾದರೆ ನಮ್ಮಲ್ಲಿ ಎಷ್ಟೋ ಮಂದಿ ಏಕೆ ಸುಮ್ಮನೆ ಕತ್ತಲಲ್ಲಿ ಕುಳಿತಿರುತ್ತಾರೆ? ನಮ್ಮ ಮನೆಯ ಕತ್ತಲೆ ಆಯೋಗಕ್ಕೆ ತಾನಾಗಿ ಕಾಣುವುದಿಲ್ಲ. ಅರ್ಜಿ ಕೊಟ್ಟ ದಿನಕ್ಕೆ ಆಧಾರವಿಲ್ಲದಿದ್ದರೆ ತಡವಾದ ದಿನಗಳನ್ನು ಎಣಿಸುವುದು ಹೇಗೆ? ಆದುದರಿಂದ ಬಾಯಿಮಾತು ಸಾಲದು. ಬಳಕೆದಾರ ಸಂಖ್ಯೆ, ತಾರೀಕು, ಆದ ತೊಂದರೆ, ನಾವು ಬೇಡುವ ಪರಿಹಾರ ಇಷ್ಟನ್ನು ಬರೆದು ಕೊಟ್ಟು ರಶೀದಿ ಪಡೆಯಬೇಕು. ಒಂದು ಪ್ರತಿಯನ್ನು ಮನೆಯಲ್ಲಿಡಬೇಕು. ಹತ್ತಿರದ ಕಚೇರಿಯಲ್ಲಿ ಕೆಲಸವಾಗದಿದ್ದರೆ ಬಳಕೆದಾರರ ಕುಂದುಕೊರತೆ ಪರಿಹಾರ ವೇದಿಕೆಗೆ, ಅಲ್ಲಿಯೂ ನ್ಯಾಯ ಸಿಗದಿದ್ದರೆ ಓಂಬುಡ್ಸ್‌ಮನ್ ಎಂಬ ಅಧಿಕಾರಿಗೆ ದೂರು ಕೊಡಬಹುದು. ಈ ಎರಡು ಮೆಟ್ಟಿಲುಗಳನ್ನೂ 42ನೆಯ ಕಲಮಿನಲ್ಲೇ ಹೇಳಿದೆ.

“ನಮಗೆ ಮಲಯಾಳದಲ್ಲಿ ಬರೆಯಲು ಬರುವುದಿಲ್ಲವಲ್ಲ” ಎಂದು ಹಿರಿಯರು ಹಿಂಜರಿಯುವುದನ್ನು ಕಂಡಿದ್ದೇನೆ. ನಮ್ಮ ಸಂವಿಧಾನದ 350ನೆಯ ವಿಧಿಯನ್ನು ನೆನಪಿಡಿ. ಕುಂದುಕೊರತೆಯ ನಿವಾರಣೆಗಾಗಿ ಸರಕಾರದ ಅಧಿಕಾರಿಗೆ ಅಥವಾ ಪ್ರಾಧಿಕಾರಕ್ಕೆ, ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಕಾಸರಗೋಡಿನಲ್ಲಿ ಕನ್ನಡ ಬಳಕೆಯಲ್ಲಿಲ್ಲವೆಂದು ಯಾರು ತಾನೆ ಹೇಳಿಯಾರು?

ವಿದ್ಯಾರ್ಥಿಗಳೇ, ಕನ್ನಡ ಪಾಠದಲ್ಲಿ ಪತ್ರಲೇಖನ ಕಲಿಯುವುದು ಪರೀಕ್ಷೆಯ ಅಂಕಗಳಿಗಾಗಿ ಮಾತ್ರವಲ್ಲ. ಈ ಸಲ ಮನೆಯಲ್ಲಿ ಅಜ್ಜನೋ ಅಮ್ಮನೋ “ಯಾರಿಗೆ ಹೇಳುವುದು?” ಎಂದು ನಿಟ್ಟುಸಿರು ಬಿಟ್ಟರೆ, ಒಂದು ಹಾಳೆ ತೆಗೆದುಕೊಂಡು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಮೇಲ್ಗಡೆ ತಾರೀಕು ಹಾಕಲು ಮರೆಯಬೇಡಿ.