ಜೀನ್ ಇಲ್ಲಿ, ಸ್ವಿಚ್ ಇನ್ನೆಲ್ಲೋ!

ಫ್ಯಾನ್ ಮೇಲಿರತ್ತೆ, ಸ್ವಿಚ್ ಬಾಗಿಲ ಪಕ್ಕ ಇರತ್ತೆ. ನಡುವೆ ವೈರ್ ಇರೋದ್ರಿಂದ ನಮಗೆ ಇದು ವಿಚಿತ್ರ ಅನ್ನಿಸಲ್ಲ. ನಮ್ಮ ಜೀವಕೋಶಗಳಲ್ಲೂ ಎಷ್ಟೋ ಜೀನ್‌ಗಳ ಸ್ವಿಚ್ ಬಹಳ ದೂರದಲ್ಲಿರತ್ತೆ. ಆದರೆ ಅಲ್ಲಿ ವೈರೇ ಇಲ್ಲ! ಹಾಗಾದ್ರೆ ಜೀನ್ ಆನ್ ಆಗೋದು ಹೇಗೆ?

ಒಂದು ಉದಾಹರಣೆ ನೋಡೋಣ. ಗರ್ಭದಲ್ಲಿ ಮಗುವಿನ ಕೈ ಬೆಳೆಯುವಾಗ ಹೆಬ್ಬೆರಳು ಯಾವ ಕಡೆ, ಕಿರುಬೆರಳು ಯಾವ ಕಡೆ ಅಂತ ತೀರ್ಮಾನಿಸುವಲ್ಲಿ ‘ಸಾನಿಕ್ ಹೆಡ್ಜ್‌ಹಾಗ್’ ಎಂಬ ಜೀನ್‌ಗೆ ಮುಖ್ಯ ಪಾತ್ರವಿದೆ. ಹೌದು, ವಿಡಿಯೋ ಗೇಮಿನ ಹೆಸರೇ! ಈ ಜೀನ್ ಕಿರುಬೆರಳಿನ ಕಡೆ ಮಾತ್ರ ಆನ್ ಆಗಬೇಕು. ಅದರ ಸ್ವಿಚ್, ಅಂದರೆ ಎನ್‌ಹ್ಯಾನ್ಸರ್, ಇರೋದು ಡಿಎನ್‌ಎಯಲ್ಲಿ ಸುಮಾರು 10 ಲಕ್ಷ ಅಕ್ಷರಗಳಾಚೆ. ಅದೂ ಬೇರೊಂದು ಜೀನ್‌ನ ಒಳಗೆ!

ಈ ಸ್ವಿಚ್‌ನ ಕೆಲವು ಜಾಗಗಳಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಸಾಕು, ಜೀನ್ ಹೆಬ್ಬೆರಳಿನ ಕಡೆಯೂ ಆನ್ ಆಗಿ ಮಗು ಹೆಚ್ಚುವರಿ ಬೆರಳಿನೊಂದಿಗೆ ಹುಟ್ಟಬಹುದು. ಅಮೆರಿಕದ ಕೀ ವೆಸ್ಟ್‌ನಲ್ಲಿ ಲೇಖಕ ಹೆಮಿಂಗ್ವೇ ಮನೆಯಲ್ಲಿರುವ ಆರು ಬೆರಳಿನ ಬೆಕ್ಕುಗಳ ಗುಟ್ಟೂ ಇದೇ. ಇಲಿಗಳಲ್ಲಿ ಆ ಸ್ವಿಚ್ಚನ್ನೇ ಕತ್ತರಿಸಿ ತೆಗೆದಾಗ ಕಾಲಿನ ತುದಿಭಾಗ ಸರಿಯಾಗಿ ಬೆಳೆಯಲೇ ಇಲ್ಲ. ಎರಡೂ ಕಡೆ ಜೀನ್ ಮಾತ್ರ ಸರಿಯಾಗೇ ಇತ್ತು!

ಈಗ ವೈರಿನ ಪ್ರಶ್ನೆಗೆ ಬರೋಣ. ಸುಮಾರು 2 ಮೀಟರ್ ಉದ್ದದ ಡಿಎನ್‌ಎ, ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟಿರುವ ನ್ಯೂಕ್ಲಿಯಸ್‌ನೊಳಗೆ ಮಡಚಿಕೊಂಡಿರತ್ತೆ. ಉದ್ದಕ್ಕೆ ಎಳೆದರೆ ದೂರವಿರುವ ಎರಡು ಜಾಗಗಳು, ಮಡಚಿದಾಗ ಅಕ್ಕಪಕ್ಕ ಬರಬಹುದು. ಕೊಹೆಸಿನ್ ಎಂಬ ಉಂಗುರದಂಥ ಪ್ರೋಟೀನ್ ಡಿಎನ್‌ಎಯನ್ನು ಎಳೆದೆಳೆದು ಕುಣಿಕೆ ಮಾಡತ್ತೆ. ಸಿಟಿಸಿಎಫ್ ಎಂಬ ಇನ್ನೊಂದು ಪ್ರೋಟೀನ್ ಕೂತಿರುವ ಜಾಗ ಬಂದಾಗ ಅದು ಸಾಮಾನ್ಯವಾಗಿ ನಿಲ್ಲತ್ತೆ. ಹೀಗೆ ಡಿಎನ್‌ಎ ಒಂದೊಂದು ವಠಾರದ ಥರ ಭಾಗವಾಗತ್ತೆ. ವಠಾರದೊಳಗೆ ಮಾತುಕತೆ ಜಾಸ್ತಿ, ಹೊರಗಿನವರ ಜೊತೆ ಕಮ್ಮಿ. ಯಾವ ಜಾಗ ಯಾವುದನ್ನು ಮುಟ್ಟುತ್ತೆ ಅಂತ ಇಡೀ ಜೀನೋಮ್‌ನಲ್ಲಿ ಹುಡುಕುವ ‘ಹೈ-ಸಿ’ ವಿಧಾನ ಬಂದಿದ್ದು 2009ರಲ್ಲಿ.

ಬರೀ ಹತ್ತಿರ ಬಂದರೆ ಸಾಲದು ಅನ್ನೋದೂ ನೆನಪಿರಲಿ. ಸ್ವಿಚ್ ಮೇಲೆ ಸರಿಯಾದ ಪ್ರೋಟೀನ್‌ಗಳೂ ಬಂದು ಕೂರಬೇಕು. ಇನ್ನು ವಠಾರದ ಗೋಡೆ ಒಡೆದರೆ? ಒಂದು ಜೀನ್‌ನ ಸ್ವಿಚ್ ಪಕ್ಕದ ವಠಾರದ ಜೀನನ್ನು ಆನ್ ಮಾಡಿಬಿಡಬಹುದು. ಇದರಿಂದಲೂ ಮಕ್ಕಳ ಬೆರಳುಗಳು ವಿರೂಪಗೊಳ್ಳಬಹುದು ಅಂತ 2015ರ ಸಂಶೋಧನೆಯೊಂದು ತೋರಿಸಿತು.

ನಮ್ಮ ಡಿಎನ್‌ಎಯಲ್ಲಿ ಪ್ರೋಟೀನ್‌ನ ಕೋಡ್ ಇರುವ ಭಾಗ ಶೇ. 2ಕ್ಕಿಂತ ಕಮ್ಮಿ. ಅಷ್ಟನ್ನೇ ಓದಿ ‘ಎಲ್ಲಾ ನಾರ್ಮಲ್’ ಅಂತ ರಿಪೋರ್ಟ್ ಕೊಟ್ಟರೆ, ಮಗುವಿಗೆ ಯಾಕೆ ಹೀಗಾಯ್ತು ಅಂತ ಕೇಳುವ ಅಪ್ಪ-ಅಮ್ಮನಿಗೆ ಉತ್ತರ ಸಿಗದೇ ಹೋಗಬಹುದು. ಫ್ಯಾನ್ ತಿರುಗದಿದ್ದರೆ ನಾವು ಸ್ವಿಚ್ಚನ್ನೂ ನೋಡ್ತೀವಲ್ವಾ? ಇಲ್ಲೂ ಅಷ್ಟೇ.