ಹಳೇ ಆಯಿಲ್ ಹೇಳುವ ಬೇರಿಂಗ್ ಸುದ್ದಿ

ಚಂದ್ರಬಂಡದಿಂದ ಮಾನ್ವಿ, ದೇವದುರ್ಗದವರೆಗೆ ಯಾವ ಊರಿಗೆ ಹೋದರೂ ಟ್ರ್ಯಾಕ್ಟರಿಗೆ ಬಿಡುವಿಲ್ಲ. ಮಾನ್ವಿ ಕಡೆ ಎಡದಂಡೆ ಕಾಲುವೆಗೆ ನೀರು ಬಂತೆಂದರೆ ಕೇಜ್‌ವೀಲ್ ಕಟ್ಟಿಕೊಂಡು ಕೆಸರುಗದ್ದೆಗೆ ಇಳಿಯಬೇಕು. ಬೇಸಿಗೆಯಲ್ಲಿ ಎರೆಹೊಲದ ದೂಳು ಕುಡಿಯುತ್ತ ನೇಗಿಲು ಎಳೆಯಬೇಕು. ಹೀಗೆ ದುಡಿದ ಎಂಜಿನ್ ಒಂದು ದಿನ ಕೆಳಗಿನಿಂದ ಬಡಿಯತೊಡಗಿದರೆ ಮೆಕ್ಯಾನಿಕ್ ‘ಬೇರಿಂಗ್ ಹೋಗಿದೆ’ ಅನ್ನುತ್ತಾನೆ. ಸದ್ದು ಕಿವಿಗೆ ಬೀಳುವಷ್ಟರಲ್ಲಿ ಸಾಮಾನ್ಯವಾಗಿ ಕ್ರ್ಯಾಂಕ್ ಮೇಲೂ ಗೀರು ಬಿದ್ದಿರುತ್ತದೆ, ಖರ್ಚು ಹಲವು ಪಟ್ಟಾಗಿರುತ್ತದೆ. ಸವಕಳಿಯ ಸುದ್ದಿ ಮಾತ್ರ ಅದಕ್ಕೆ ಎಷ್ಟೋ ಮೊದಲೇ ಆಯಿಲ್‌ಗೆ ಸೇರಿರುತ್ತದೆ.

ಕ್ರ್ಯಾಂಕ್ ತಿರುಗುವುದು ಅರ್ಧ ಬಳೆಯಂಥ ಎರಡು ಶೆಲ್‌ಗಳ ನಡುವೆ. ಬಹಳಷ್ಟು ಡೀಸೆಲ್ ಎಂಜಿನ್‌ಗಳಲ್ಲಿ ಈ ಶೆಲ್‌ನ ಬೆನ್ನು ಉಕ್ಕು. ಅದರ ಮೇಲೆ ತಾಮ್ರ–ಸೀಸದ ಮಿಶ್ರಲೋಹ. ಎಲ್ಲಕ್ಕಿಂತ ಮೇಲೆ ಸೀಸ–ತವರದ ಮೆತ್ತನೆ ಲೇಪ. ಲೇಪದ ದಪ್ಪ ಸುಮಾರು 20 ಮೈಕ್ರಾನ್, ಅಂದರೆ ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲು. ಸವಕಳಿ ಮೇಲಿನಿಂದ ಶುರುವಾಗುವುದರಿಂದ ಆಯಿಲ್‌ನಲ್ಲಿ ಮೊದಲು ಸೀಸ, ತವರ ಏರುತ್ತವೆ. ಆಮೇಲೆ ತಾಮ್ರ. ಅದರ ಜೊತೆಗೆ ಕಬ್ಬಿಣವೂ ಏರಿದರೆ ಪೆಟ್ಟು ಕ್ರ್ಯಾಂಕ್‌ಗೆ ತಲುಪಿದೆ ಎಂದು ಶಂಕಿಸಬೇಕು. ಅಲ್ಯೂಮಿನಿಯಂ–ತವರದ ಬೇರಿಂಗ್ ಇದ್ದರೆ ಆ ಎರಡು ಒಟ್ಟಿಗೆ ಏರುತ್ತವೆ. ಅಲ್ಯೂಮಿನಿಯಂ ಒಂದೇ ಏರಿದರೆ ಪಿಸ್ಟನ್ ಕಡೆಗೂ ನೋಡಬೇಕು.

ಡ್ರೈನ್ ನಟ್‌ನ ಅಯಸ್ಕಾಂತಕ್ಕೆ ಏನೂ ಅಂಟಿಲ್ಲ, ಎಂಜಿನ್ ಚೆನ್ನಾಗಿದೆ ಅನ್ನುವವರಿದ್ದಾರೆ. ಅಯಸ್ಕಾಂತ ಹಿಡಿಯುವುದು ಕಬ್ಬಿಣ, ಉಕ್ಕನ್ನು. ಸೀಸ, ತವರ, ತಾಮ್ರ, ಅಲ್ಯೂಮಿನಿಯಂ ಯಾವುದೂ ಅದಕ್ಕೆ ಅಂಟುವುದಿಲ್ಲ. ಬೇರಿಂಗ್ ಸವೆಯುತ್ತಿದ್ದರೂ ಅಯಸ್ಕಾಂತ ಶುಭ್ರವಾಗಿಯೇ ಇರಬಹುದು.

ಪ್ರಯೋಗಾಲಯದಲ್ಲಿ ಆಯಿಲ್‌ನ ಹನಿಯನ್ನು ವಿದ್ಯುತ್ ಕಿಡಿಯಲ್ಲಿ ಉರಿಸುತ್ತಾರೆ. ಪ್ರತಿ ಲೋಹವೂ ತನ್ನದೇ ಬಣ್ಣದ ಬೆಳಕು ಚೆಲ್ಲುತ್ತದೆ; ಸ್ಪೆಕ್ಟ್ರೋಮೀಟರ್ ಆ ಬೆಳಕನ್ನು ಅಳೆದು ಹತ್ತು ಲಕ್ಷಕ್ಕೆ ಎಷ್ಟು ಪಾಲು, ಅಂದರೆ ಪಿಪಿಎಂ ಲೆಕ್ಕದಲ್ಲಿ ಹೇಳುತ್ತದೆ. ಎಂಟು ಲೀಟರ್ ಆಯಿಲ್ ಸುಮಾರು ಏಳು ಕೆಜಿ ತೂಗುತ್ತದೆ. ಅದರಲ್ಲಿ 20 ಪಿಪಿಎಂ ಸೀಸವೆಂದರೆ 140 ಮಿಲಿಗ್ರಾಂ ಲೋಹ. ಅಷ್ಟು ಕಡಿಮೆ ಇದ್ದಾಗಲೇ ಸಿಕ್ಕಿಬೀಳುತ್ತದೆ. ಅಮೆರಿಕದ ಡೆನ್ವರ್ ಆ್ಯಂಡ್ ರಿಯೋ ಗ್ರಾಂಡ್ ರೈಲ್ವೆ 1946ರಲ್ಲೇ ಹೀಗೆ ಡೀಸೆಲ್ ಎಂಜಿನ್‌ಗಳ ರೋಗ ಹಿಡಿಯಿತು. ನಮ್ಮ ರೈಲ್ವೆಯ ಡೀಸೆಲ್ ಶೆಡ್‌ಗಳಲ್ಲೂ ಇದು ರೂಢಿಯ ಪರೀಕ್ಷೆ.

ಈ ಯಂತ್ರಕ್ಕೂ ಒಂದು ಮಿತಿಯಿದೆ. ಸುಮಾರು 8 ಮೈಕ್ರಾನ್‌ಗಿಂತ ದೊಡ್ಡ ಚೂರುಗಳನ್ನು ಅದು ಸರಿಯಾಗಿ ಲೆಕ್ಕ ಹಾಕಲಾರದು. ಬೇರಿಂಗ್ ಚಕ್ಕೆಚಕ್ಕೆಯಾಗಿ ಏಳುತ್ತಿದ್ದರೂ ವರದಿಯಲ್ಲಿ ಅಂಕಿ ತಣ್ಣಗೆ ಕೂತಿರಬಹುದು. ಆ ಚಕ್ಕೆ ಸಿಗುವುದು ಫಿಲ್ಟರ್‌ನಲ್ಲಿ. ಫಿಲ್ಟರ್ ಕೊಯ್ದು ಕಾಗದದ ಮಡಿಕೆಗಳನ್ನು ಬಿಸಿಲಿನಲ್ಲಿ ಬಿಡಿಸಿದರೆ ತಾಮ್ರದ ಕೆಂಪು ಹೊಳಪೋ ಸೀಸದ ಬೂದು ಚಕ್ಕೆಯೋ ಬರಿಗಣ್ಣಿಗೇ ಕಾಣುತ್ತದೆ. ಹಾಗೆ ಕಂಡಮೇಲೆ ಗಾಡಿಯನ್ನು ಹೊಲಕ್ಕೆ ಒಯ್ಯಬಾರದು.

ತಾಮ್ರ ಏರಿತೆಂದು ಗಾಬರಿಬಿದ್ದು ಎಂಜಿನ್ ಬಿಚ್ಚಿಸುವುದೂ ತಪ್ಪೇ. ಆಯಿಲ್ ಕೂಲರ್ ಇರುವ ಹೊಸ ಎಂಜಿನ್‌ಗಳಲ್ಲಿ ಕೂಲರ್‌ನ ತಾಮ್ರವೇ ರಾಸಾಯನಿಕವಾಗಿ ಬಿಟ್ಟುಕೊಳ್ಳುವುದುಂಟು. ಸೀಸ, ತವರ ಏರದಿದ್ದರೆ ಕಾಯಬಹುದು. ಸಿಲಿಕಾನ್ ಕೂಡ ಏರಿದ್ದರೆ ಮೊದಲು ಏರ್ ಕ್ಲೀನರ್, ಅದರ ಹೋಸ್‌ಪೈಪ್ ನೋಡಿ: ಹೊಲದ ದೂಳು ಒಳಗೆ ನುಗ್ಗುತ್ತಿರಬಹುದು. ಬೇರಿಂಗ್ ಬದಲಿಸಿ ದೂಳಿನ ದಾರಿ ಮುಚ್ಚದಿದ್ದರೆ ಹೊಸ ಬೇರಿಂಗ್‌ಗೂ ಅದೇ ಗತಿ.

ನನ್ನ ಮಟ್ಟಿಗೆ ಒಂದೇ ವರದಿಯ ಅಂಕಿಗೆ ಬೆಲೆ ಕಡಿಮೆ. ಅದೇ ಎಂಜಿನ್‌ನ ಹಿಂದಿನ ವರದಿ ಪಕ್ಕದಲ್ಲಿದ್ದರೆ, ಆಯಿಲ್ ಎಷ್ಟು ಗಂಟೆ ಓಡಿದೆ, ನಡುವೆ ಎಷ್ಟು ಟಾಪ್‌ಅಪ್ ಮಾಡಿದ್ದೀರಿ ಎಂಬುದು ಬರೆದಿದ್ದರೆ ಆಗ ಅದು ಮಾತಾಡುತ್ತದೆ. ಮುಂದಿನ ಸಲ ಆಯಿಲ್ ಬದಲಿಸುವಾಗ ಎಂಜಿನ್ ಬಿಸಿಯಿರುವಾಗಲೇ, ಧಾರೆಯ ನಡುವಿನಿಂದ, ಒಣಗಿದ ಶುಚಿಯಾದ ಬಾಟಲಿಗೆ ಸ್ವಲ್ಪ ಹಿಡಿಯಿರಿ. ಮೇಲೆ ತಾರೀಖು, ಮೀಟರ್ ಗಂಟೆ ಬರೆದು ಪರೀಕ್ಷೆಗೆ ಕಳಿಸಿ. ಹಳೇ ಫಿಲ್ಟರನ್ನಂತೂ ಕೊಯ್ದು ನೋಡದೆ ಎಸೆಯಬೇಡಿ.